ಮುಂಬೈ ಕನ್ನಡಿಗರ ದಿನಚರಿಗೆ ಮೂರು ಎಐ ಸಾಧನಗಳು: ಯಾವ ಹೊತ್ತಿಗೆ ಯಾವುದು?

ಫೋನಿಗೆ ಎಐ ಆ್ಯಪ್ ಇಳಿಸಿಕೊಂಡವರಿಗೆ ಮುಂಬೈಯಲ್ಲಿ ಬರವಿಲ್ಲ. ಅದನ್ನು ದಿನವೂ ಕೆಲಸಕ್ಕೆ ಹಚ್ಚುವವರು ಕಡಿಮೆ. ಮೊದಲ ವಾರ ಪದ್ಯ ಬರೆಸಿ, ಮಕ್ಕಳ ಫೋಟೊಕ್ಕೆ ಬಣ್ಣ ತುಂಬಿಸಿ, ನೆಂಟರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದರೆ ಉತ್ಸಾಹ ಮುಗಿಯಿತು. "ಏನಾದರೂ ಕೇಳೋಣ" ಎಂದು ತೆರೆಯುವ ಆ್ಯಪ್ ಯಾರಿಗೂ ಅಭ್ಯಾಸವಾಗುವುದಿಲ್ಲ. ರಾತ್ರಿ ಗಲ್ಲಾ ಎಣಿಸುವುದು, ಡೊಂಬಿವಲಿಯಿಂದ ಲೋಕಲ್ ಹತ್ತುವುದು, ವಸತಿ ಸೊಸೈಟಿಯ ನೋಟಿಸ್ ಓದುವುದು ಹೇಗೂ ನಡೆದೇ ನಡೆಯುವ ಕೆಲಸಗಳು. ಇವುಗಳ ಬೆನ್ನಿಗೆ ಕಟ್ಟಿದ ಆ್ಯಪ್ ಮಾತ್ರ ಉಳಿಯುತ್ತದೆ.

ಹಾಗಾಗಿ ಇಲ್ಲಿ ಚಾಟ್‌ಜಿಪಿಟಿ, ಗೂಗಲ್‌ನ ಜೆಮಿನಿ ಮತ್ತು ನೋಟ್‌ಬುಕ್‌ಎಲ್‌ಎಂ ಈ ಮೂರನ್ನೂ ಒಂದೇ ಅಳತೆಗೋಲಿನಿಂದ ನೋಡಿದ್ದೇವೆ: ದಿನದ ಯಾವ ಕೆಲಸವನ್ನು ಇದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಎಲ್ಲಿ ಕೈಬಿಡುತ್ತದೆ, ಕೈಬಿಟ್ಟದ್ದು ನಮಗೆ ಗೊತ್ತಾಗುವುದು ಹೇಗೆ.

ಅಭ್ಯಾಸದ ಬಗ್ಗೆ ಒಂದು ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಹೋದ್ಯೋಗಿಗಳು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಹೊಸ ಕೆಲಸವೊಂದು ತಾನಾಗಿ ಆಗುವಂತಾಗಲು ಸುಮಾರು 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನದ ತನಕ ಹಿಡಿಯುವ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಅಭ್ಯಾಸ 21 ದಿನಕ್ಕೇ ಕೂರುತ್ತದೆ ಎನ್ನುವವರನ್ನು ನಂಬಿ ಮೂರನೇ ವಾರಕ್ಕೆ ಕೈಚೆಲ್ಲುವುದು ಬೇಡ. ಆ ಅಧ್ಯಯನದಲ್ಲಿ ಎಲ್ಲರೂ "ಮಧ್ಯಾಹ್ನದ ಊಟದ ಜತೆ", "ಬೆಳಗಿನ ಕಾಫಿಯ ನಂತರ" ಎಂಬಂತೆ ಒಂದು ನಿಶ್ಚಿತ ಸಂದರ್ಭಕ್ಕೆ ಕೆಲಸವನ್ನು ಗಂಟು ಹಾಕಿಕೊಂಡಿದ್ದರು. ಎಐ ವಿಷಯದಲ್ಲೂ ಆ ಗಂಟೇ ಮುಖ್ಯ. ಮೂರು ಆ್ಯಪ್‌ಗಳನ್ನು ಒಟ್ಟಿಗೆ ಶುರು ಮಾಡಬೇಡಿ. ಒಂದು ಹೊತ್ತು, ಒಂದು ಕೆಲಸ, ಒಂದು ಆ್ಯಪ್. ಅದು ನಿಂತ ಮೇಲೆ ಮುಂದಿನದು.

ನೋಟ್‌ಬುಕ್‌ಎಲ್‌ಎಂ: ಸೊಸೈಟಿ ಕಾಗದಪತ್ರಕ್ಕೆ ಇದೇ ಮೊದಲು

ಮೂರರಲ್ಲಿ ಹೆಚ್ಚು ಜನ ಕೇಳಿರದ ಹೆಸರು ಇದು. ಮುಂಬೈಯ ಫ್ಲ್ಯಾಟ್‌ನಲ್ಲಿ ಇರುವವರಿಗೆ ನಮ್ಮ ಮೊದಲ ಶಿಫಾರಸೂ ಇದೇ. ಬೇರೆ ಎಐಗಳು ಜಗತ್ತಿನ ಎಲ್ಲ ಓದನ್ನೂ ನೆನಪಿಸಿಕೊಂಡು ಉತ್ತರಿಸಿದರೆ, ಇದು ನೀವು ಹಾಕಿದ ಕಡತಗಳಿಂದಲೇ ಉತ್ತರ ಹೆಕ್ಕುತ್ತದೆ. ಪ್ರತಿ ವಾಕ್ಯದ ಪಕ್ಕದಲ್ಲಿ ಸಣ್ಣ ಅಂಕಿ ಇರುತ್ತದೆ. ಅದನ್ನು ಒತ್ತಿದರೆ ಮೂಲ ಕಡತದ ಆ ಸಾಲೇ ತೆರೆದುಕೊಳ್ಳುತ್ತದೆ. ಪರೀಕ್ಷಿಸುವ ದಾರಿ ಕಣ್ಣೆದುರೇ ಇರುವುದರಿಂದ ಪರೀಕ್ಷಿಸುವ ಅಭ್ಯಾಸವೂ ಬೇಗ ಬೆಳೆಯುತ್ತದೆ.

ಮಾಟುಂಗಾ, ಗೋರೆಗಾಂವ್, ಮುಲುಂಡ್‌ಗಳ ಹಳೆಯ ಕಟ್ಟಡಗಳಲ್ಲಿ ಈಗ ಬಾಯಿ ಬಿಟ್ಟರೆ ಹಳೆಯದನ್ನು ಕೆಡವಿ ಹೊಸದು ಕಟ್ಟಿಸುವ ರೀಡೆವಲಪ್‌ಮೆಂಟ್ ಮಾತು. ಬಿಲ್ಡರನ ಆಫರ್ ಇಂಗ್ಲಿಷಿನಲ್ಲಿ, ಸೊಸೈಟಿಯ ನೋಟಿಸ್ ಮರಾಠಿಯಲ್ಲಿ, ಓದಿ ಸಹಿ ಹಾಕಬೇಕಾದ ಹಿರಿಯರು ಕನ್ನಡದಲ್ಲಿ ಯೋಚಿಸುವವರು. ಇಂಥಲ್ಲಿ ಮಾಡಬೇಕಾದದ್ದು ಇಷ್ಟು. ಹೊಸ ನೋಟ್‌ಬುಕ್ ತೆರೆದು ಸೊಸೈಟಿಯ ಉಪವಿಧಿ, ಸಹಕಾರಿ ಸಂಘಗಳ ಕಾಯ್ದೆಯ 79ಎ ಅಡಿಯಲ್ಲಿ ಮಹಾರಾಷ್ಟ್ರ ಸರ್ಕಾರ 2019ರ ಜುಲೈ 4ರಂದು ಹೊರಡಿಸಿದ ಪುನರಾಭಿವೃದ್ಧಿ ನಿರ್ದೇಶನ, ಬಿಲ್ಡರನ ಆಫರ್ ಪತ್ರ, ಕಳೆದ ಮಹಾಸಭೆಗಳ ನಡಾವಳಿ ಇವನ್ನು ಬೇರೆ ಬೇರೆ ಪಿಡಿಎಫ್ ಆಗಿ ಹಾಕಿ. ಕಡತಗಳಿಗೆ ಗುರುತು ಹತ್ತುವ ಹೆಸರು ಕೊಡಿ. "ಸ್ಕ್ಯಾನ್ 003" ಎಂದಿದ್ದರೆ ಉಲ್ಲೇಖ ಯಾವುದರದೆಂದು ತಿಳಿಯದೆ ಪರದಾಡಬೇಕಾಗುತ್ತದೆ. ಉಚಿತ ಖಾತೆಯಲ್ಲೇ ಒಂದು ನೋಟ್‌ಬುಕ್‌ಗೆ 50 ಕಡತ, ದಿನಕ್ಕೆ 50 ಪ್ರಶ್ನೆ ಸಿಗುತ್ತವೆ. ಒಂದು ಸೊಸೈಟಿಗೆ ಧಾರಾಳ.

ಹಾಕಿದ ಕೂಡಲೇ ಪ್ರಶ್ನೆಗೆ ಇಳಿಯಬೇಡಿ. ಎಡಗಡೆಯ ಪಟ್ಟಿಯಲ್ಲಿ ಪ್ರತಿ ಕಡತವನ್ನೂ ಒತ್ತಿ, ಅಕ್ಷರಗಳು ಸರಿಯಾಗಿ ಮೂಡಿವೆಯೇ ನೋಡಿ. ಓರೆಯಾಗಿ ತೆಗೆದ ಫೋಟೊ, ಮಸುಕಾದ ಜೆರಾಕ್ಸ್, ಕೈಬರಹದ ತಿದ್ದುಪಡಿಗಳು ಅರ್ಧಂಬರ್ಧ ಬರುತ್ತವೆ. ಉತ್ತರ ಕೊಡುವಾಗ ಅದು ಬಿಟ್ಟುಹೋದ ಪುಟದ ಬಗ್ಗೆ ಎಚ್ಚರಿಸುವುದಿಲ್ಲ. ಇದ್ದಷ್ಟರಲ್ಲಿ ಚೊಕ್ಕವಾಗಿ ಉತ್ತರಿಸಿಬಿಡುತ್ತದೆ. ದೊಡ್ಡ ತಪ್ಪುಗಳು ಹುಟ್ಟುವುದು ಇಲ್ಲಿ.

ಪ್ರಶ್ನೆಯನ್ನು ಕನ್ನಡದಲ್ಲೇ, ತುಂಡು ತುಂಡಾಗಿ ಕೇಳಿ. "ಆಫರ್ ಹೇಗಿದೆ?" ಎಂದರೆ ಹೊಗಳಿಕೆ ಬರುತ್ತದೆ. "ತಾತ್ಕಾಲಿಕ ಬಾಡಿಗೆ ತಿಂಗಳಿಗೆ ಎಷ್ಟು, ಎಷ್ಟು ತಿಂಗಳಿಗೆ, ತಡವಾದರೆ ಏನು? ಯಾವ ಪುಟದಲ್ಲಿದೆ ಹೇಳು, ಕಡತದಲ್ಲಿ ಇಲ್ಲದಿದ್ದರೆ ಇಲ್ಲ ಎಂದು ಹೇಳು" ಎಂದು ಕೇಳಿ. ಹೀಗೆಯೇ ಕಾರ್ಪಸ್ ಮೊತ್ತ (ಬಿಲ್ಡರ್ ಕೊಡುವ ಇಡುಗಂಟು), ಬ್ಯಾಂಕ್ ಗ್ಯಾರಂಟಿ, ಪಾರ್ಕಿಂಗ್, ಸ್ವಾಧೀನದ ದಿನಾಂಕ ಒಂದೊಂದನ್ನೇ ಕೇಳಿ. ಇರಬೇಕೆಂದು ನಿರ್ದೇಶನ ಹೇಳಿಯೂ ಆಫರ್‌ನಲ್ಲಿ ಕಾಣದ ಅಂಶಗಳ ಪಟ್ಟಿ ಮಾಡಿಸುವುದು ಎಲ್ಲಕ್ಕಿಂತ ಉಪಯುಕ್ತ ಪ್ರಶ್ನೆ. ಇದ್ದುದನ್ನು ಎಲ್ಲರೂ ಓದುತ್ತಾರೆ, ಇಲ್ಲದ್ದು ಕಣ್ಣಿಗೆ ಬೀಳುವುದಿಲ್ಲ.

ಕಾರ್ಪೆಟ್ ಏರಿಯಾದ, ಎಂದರೆ ಮನೆಯೊಳಗಿನ ಬಳಕೆಯ ಜಾಗದ, ಲೆಕ್ಕವನ್ನು ಮಾತ್ರ ಎಐ ಕೈಗೆ ಬಿಡಬೇಡಿ. ಆಫರ್‌ಗಳಲ್ಲಿ ಮೋಫಾ (ಮಹಾರಾಷ್ಟ್ರದ ಹಳೆಯ ಫ್ಲ್ಯಾಟ್ ಮಾಲೀಕತ್ವ ಕಾಯ್ದೆ) ಕಾರ್ಪೆಟ್, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಕಾರ್ಪೆಟ್ ಎಂಬ ಎರಡು ಮಾತುಗಳು ಓಡಾಡುತ್ತವೆ. 2016ರ ರೇರಾ ಕಾಯ್ದೆಯ ವ್ಯಾಖ್ಯೆಯಲ್ಲಿ ಒಳಗೋಡೆಗಳು ವಿಸ್ತೀರ್ಣಕ್ಕೆ ಸೇರುತ್ತವೆ. ಹೊರಗೋಡೆ, ಬಾಲ್ಕನಿ ಸೇರುವುದಿಲ್ಲ. ಒಂದೇ ಮನೆಯ ರೇರಾ ಅಂಕಿ ಸಾಮಾನ್ಯವಾಗಿ ಮೋಫಾ ಅಂಕಿಗಿಂತ ದೊಡ್ಡದಾಗಿ ಕಾಣುತ್ತದೆ. ಎಐ ಎರಡನ್ನೂ "ಕಾರ್ಪೆಟ್" ಎಂದಷ್ಟೇ ಅನುವಾದಿಸಿ, "ನಿಮಗೆ ಹೆಚ್ಚುವರಿ ಇಷ್ಟು ಚದರ ಅಡಿ" ಎಂದು ಖುಷಿಪಡಿಸುವ ಅಪಾಯವಿದೆ. ಹಳೆಯದೂ ಹೊಸದೂ ಒಂದೇ ವ್ಯಾಖ್ಯೆಯಲ್ಲಿವೆಯೇ ಎಂದು ಮೊದಲು ನೋಡಿ, ಆಮೇಲೆ ಕ್ಯಾಲ್ಕುಲೇಟರ್ ಹಿಡಿಯಿರಿ: ಒಂದು ಚದರ ಮೀಟರ್ ಎಂದರೆ 10.764 ಚದರ ಅಡಿ, 45 ಚದರ ಮೀಟರ್ ಎಂದರೆ ಸುಮಾರು 484 ಚದರ ಅಡಿ. ಕೊನೆಯ ಮಾತು ಯಾವತ್ತೂ ವಕೀಲರದ್ದು. ಎಐ ಮಾಡಿಕೊಡುವುದು, ಅವರ ಬಳಿ ಏನು ಕೇಳಬೇಕೆಂಬ ಪಟ್ಟಿ. ನ್ಯೂಯಾರ್ಕಿನಲ್ಲಿ 2023ರಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟ ವಕೀಲರಿಗೆ 5,000 ಡಾಲರ್ ದಂಡ ಬಿದ್ದದ್ದು ನೆನಪಿರಲಿ.

ಆಡಿಯೊ ಓವರ್‌ವ್ಯೂ ಲೋಕಲ್ ರೈಲಿಗೆ ಹೇಳಿ ಮಾಡಿಸಿದ ಸೌಲಭ್ಯ. ಹಾಕಿದ ಕಡತಗಳ ಬಗ್ಗೆ ಇಬ್ಬರು ಮಾತಾಡಿಕೊಂಡಂತೆ ಧ್ವನಿ ತಯಾರಾಗುತ್ತದೆ. 2025ರ ಏಪ್ರಿಲ್‌ನಿಂದ ಕನ್ನಡದಲ್ಲೂ ಬರುತ್ತಿದೆ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬೇಕು. ಮನೆಯ ವೈಫೈಯಲ್ಲೇ ಫೋನಿನ ಆ್ಯಪ್‌ಗೆ ಇಳಿಸಿಟ್ಟರೆ ನೆಟ್‌ವರ್ಕ್ ಇಲ್ಲದೆಯೂ ಕೇಳಬಹುದು. ನೆಲದಡಿಯ ಮೆಟ್ರೊ 3ರಲ್ಲಿ, ಕಾಲಿಡಲು ಜಾಗವಿಲ್ಲದ ವಿರಾರ್ ಫಾಸ್ಟ್‌ನಲ್ಲಿ ಸಿಗ್ನಲ್ ನಂಬಿ ಕೂರುವಂತಿಲ್ಲ, ಹಾಗಾಗಿ ರಾತ್ರಿ ಚಾರ್ಜರ್ ಚುಚ್ಚುವ ಹೊತ್ತಿಗೇ ಇಳಿಸಿಡುವುದನ್ನು ರೂಢಿ ಮಾಡಿಕೊಳ್ಳಿ. ಧ್ವನಿಯಲ್ಲಿ ಕೇಳಿದ ಮೊತ್ತ, ದಿನಾಂಕಗಳನ್ನು ಮಾತ್ರ ಲಿಖಿತ ಮೂಲದಲ್ಲಿ ನೋಡದೆ ಯಾರಿಗೂ ಹೇಳಬೇಡಿ. ಆ ಸಂಭಾಷಣೆ ಕಡತದ ಆಯ್ದ ಭಾಗಗಳನ್ನಷ್ಟೇ ಎತ್ತಿಕೊಳ್ಳುತ್ತದೆ.

ಜೆಮಿನಿ: ಕೈ ಖಾಲಿ ಇಲ್ಲದ ಹೊತ್ತಿಗೆ

ಜೆಮಿನಿಯ ಮೊಬೈಲ್ ಆ್ಯಪ್ 2024ರ ಜೂನ್‌ನಲ್ಲಿ ಭಾರತಕ್ಕೆ ಬಂದಾಗಲೇ ಕನ್ನಡವೂ ಸೇರಿ ಒಂಬತ್ತು ಭಾರತೀಯ ಭಾಷೆಗಳಿದ್ದವು. ಮಾತಾಡಿ ಕೆಲಸ ಮಾಡಿಸಿಕೊಳ್ಳಲು ಇದು ಒಗ್ಗುತ್ತದೆ. ಜಿಮೇಲ್, ಕ್ಯಾಲೆಂಡರ್, ಟಾಸ್ಕ್ಸ್‌ಗಳಿಗೆ ಜೋಡಿಸಿಕೊಳ್ಳಲೂ ಬರುತ್ತದೆ. ಹೋಟೆಲಿನ ಅಡುಗೆಮನೆ ಮುಚ್ಚುವ ಹೊತ್ತು ಇದಕ್ಕೆ ಒಳ್ಳೆಯ ಗಂಟು: ಉಳಿದ ಸಾಮಾನು ನೋಡುತ್ತಾ ನಾಳೆ ಏನು ತರಿಸಬೇಕೆಂದು ಹೇಳಿ, ಪಟ್ಟಿ ಮಾಡಿಸುವುದು.

ಮುಂಬೈಯ ಮಾತಿನ ಬಗೆ ಇಲ್ಲಿ ಸ್ವಲ್ಪ ತೊಡಕು. ಒಂದೇ ಉಸಿರಿನಲ್ಲಿ "ಕಾಂದಾ ಬೀಸ್ ಕಿಲೋ, ತೊಗರಿಬೇಳೆ ಹತ್ತು, ಕೋಥಿಂಬೀರ್ ಪಾಂಚ್ ಜುಡಿ" ಎಂದರೆ ಧ್ವನಿ ಗುರುತಿಸುವ ಎಂಜಿನ್ ಯಾವ ಭಾಷೆಯೆಂದು ತಡವರಿಸುತ್ತದೆ. ಸಂಖ್ಯೆಗಳನ್ನೆಲ್ಲ ಒಂದೇ ಭಾಷೆಯಲ್ಲಿ ಹೇಳಿ. "ಒಂದೂವರೆ", "ಎರಡೂಮುಕ್ಕಾಲು" ಬಿಟ್ಟು "ಒಂದು ಕಿಲೊ ಐನೂರು ಗ್ರಾಂ" ಎನ್ನಿ. ಕೊನೆಗೆ "ಪಟ್ಟಿಯನ್ನು ಓದಿ ಹೇಳು" ಎಂದು ಹೇಳಿಸಿಕೊಂಡು ಕೇಳಿ, ಆಮೇಲೆ ವಾಶಿ ಮಾರ್ಕೆಟ್ಟಿನ ದಲಾಲರಿಗೆ ಕಳಿಸಿ. ಎಕ್ಸಾಸ್ಟ್ ಫ್ಯಾನ್, ಗ್ರೈಂಡರ್ ಓಡುತ್ತಿರುವಾಗ ಧ್ವನಿಯ ಗೊಡವೆಯೇ ಬೇಡ.

ಅಳತೆ ಹೆಚ್ಚಿಸುವ ಲೆಕ್ಕಕ್ಕೂ ಇದನ್ನು ಕೇಳುವವರಿದ್ದಾರೆ. ಒಂದು ಕಿಲೊ ಉದ್ದಿಗೆ ಮೂರು ಕಿಲೊ ಇಡ್ಲಿ ಅಕ್ಕಿ ಎಂದರೆ ಎಂಟು ಕಿಲೊ ಉದ್ದಿಗೆ 24 ಕಿಲೊ ಅಕ್ಕಿ ಎಂದು ಸರಿಯಾಗಿ ಗುಣಿಸಿಕೊಡುತ್ತದೆ. ಹುದುಗುವ ಹೊತ್ತನ್ನು ಯಾವ ಎಐಯೂ ನಿಮ್ಮ ಅಡುಗೆಮನೆಯಿಂದ ದೂರ ಕುಳಿತು ಹೇಳಲಾರದು. ಮೇ ತಿಂಗಳ ಸೆಕೆಯಲ್ಲೂ ಜನವರಿಯ ರಾತ್ರಿಯಲ್ಲೂ ಹಿಟ್ಟು ಒಂದೇ ವೇಗದಲ್ಲಿ ಏಳುವುದಿಲ್ಲ. ದೊಡ್ಡ ಪಾತ್ರೆಯ ಹಿಟ್ಟು ಸಣ್ಣ ಪಾತ್ರೆಯದಕ್ಕಿಂತ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಆ ಅಂದಾಜು ಅಡುಗೆ ಭಟ್ಟರದೇ.

ಕ್ಯಾಮೆರಾದಿಂದ ಮರಾಠಿ ನೋಟಿಸ್ ಓದಿಸುವುದಕ್ಕೆ ಜೆಮಿನಿ, ಗೂಗಲ್ ಲೆನ್ಸ್ ಎರಡೂ ಸಾಕು. ಪಾಲಿಕೆಯ ಪತ್ರ, ಶಾಲೆಯ ಸೂಚನೆ, ವಿದ್ಯುತ್ ಬಿಲ್ಲಿನ ಹಿಂಬದಿ ಎಲ್ಲವೂ ಅರ್ಥವಾಗುತ್ತವೆ. ಅನುವಾದ ಓದಿದ ಮೇಲೆ ಮೂಲ ಕಾಗದದಲ್ಲಿ ಮೂರನ್ನು ಕಣ್ಣಾರೆ ನೋಡಿ: ದಿನಾಂಕ, ಮೊತ್ತ, ಕಲಮಿನ ಸಂಖ್ಯೆ. ಕೈಬರಹದಲ್ಲಿ ದೇವನಾಗರಿಯ ಒಂದು ಮತ್ತು ಒಂಬತ್ತು ಒಂದನ್ನೊಂದು ಹೋಲುತ್ತವೆ; ಗಡುವಿನ ದಿನಾಂಕದಲ್ಲಿ ಅದು ತಪ್ಪಿದರೆ ದಂಡ ಕಟ್ಟುವವರು ನೀವು.

ಜ್ಞಾಪನೆ ಇಡಿಸಿದ ಮೇಲೂ ಕ್ಯಾಲೆಂಡರ್ ತೆರೆದು ನೋಡುವುದು ಒಳ್ಳೆಯದು. ಜಿಎಸ್‌ಟಿ ದಿನಾಂಕ ಇದಕ್ಕೆ ಸರಿಯಾದ ಉದಾಹರಣೆ. ತಿಂಗಳು ತಿಂಗಳು ಸಲ್ಲಿಸುವವರಿಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ಕ್ಕೆ, ತೆರಿಗೆ ಕಟ್ಟುವ ಸಾರಾಂಶವಾದ 3ಬಿ 20ಕ್ಕೆ. ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಮಹಾರಾಷ್ಟ್ರದವರಿಗೆ 3ಬಿ 22ಕ್ಕೆ. ನೀವು ಯಾವ ಪದ್ಧತಿಯವರೆಂದು ಹೇಳದೆ "ಜಿಎಸ್‌ಟಿ ನೆನಪಿಸು" ಎಂದರೆ ಅದು ಯಾವುದೋ ಒಂದನ್ನು ಹಿಡಿದುಕೊಳ್ಳುತ್ತದೆ. ಗಡುವು ಮುಂದೆ ಹೋಗಿದ್ದರೆ ಅದಕ್ಕೆ ಗೊತ್ತಿರಬೇಕೆಂದೇನೂ ಇಲ್ಲ. ಪೋರ್ಟಲ್ಲಿನ ಮಾತೇ ಮಾತು.

ಚಾಟ್‌ಜಿಪಿಟಿ: ಪತ್ರ ಮತ್ತು ಲೆಕ್ಕ

2022ರ ನವೆಂಬರ್ 30ರಂದು ಬಂದ ಇದು ಈಗಲೂ ಬರವಣಿಗೆಯ ಕೆಲಸಕ್ಕೆ ನಮ್ಮ ಆಯ್ಕೆ. ಒಂದು ಕೆಲಸಕ್ಕೊಂದು ಪ್ರಾಜೆಕ್ಟ್ ಮಾಡಿ, ಅದರೊಳಗೆ ಸೂಚನೆ ಬರೆದಿಡುವ ವ್ಯವಸ್ಥೆ ಅಭ್ಯಾಸಕ್ಕೆ ಬಹಳ ನೆರವಾಗುತ್ತದೆ; ದಿನವೂ ಪೀಠಿಕೆ ಹಾಕಬೇಕಾಗಿಲ್ಲ. ಕನ್ನಡ ಸಂಘದ ಕಾರ್ಯದರ್ಶಿಗೆ ಹೀಗೊಂದು ಸೂಚನೆ ಸಾಕು: "ಮುಂಬೈಯ ಕನ್ನಡ ಸಂಘದ ಪರವಾಗಿ ಬರೆಯುತ್ತಿದ್ದೇನೆ. ಸಣ್ಣ ವಾಕ್ಯಗಳಿರಲಿ. ಕೆಳಗಿನ ಮೂರು ಪತ್ರಗಳ ಧಾಟಿಯಲ್ಲೇ ಬರೆ. ನಾನು ಕೊಡದ ಹೆಸರು, ಬಿರುದು, ದಿನಾಂಕ ಸೇರಿಸಬೇಡ. ಬೇಕಾದಲ್ಲಿ ಖಾಲಿ ಬಿಡು." ಹಳೆಯ ಒಳ್ಳೆಯ ಪತ್ರಗಳನ್ನು ಮಾದರಿಯಾಗಿ ಹಾಕುವುದೇ ಇಲ್ಲಿನ ಗುಟ್ಟು. ಮಾದರಿ ಇಲ್ಲದಿದ್ದರೆ ಬರುವ ಕನ್ನಡ ಸರ್ಕಾರಿ ಸುತ್ತೋಲೆಯ ಹಾಗೆ ಬಿರುಸಾಗಿರುತ್ತದೆ. ಕರ್ಮಣಿ ಪ್ರಯೋಗ ಹೆಚ್ಚು, ಪ್ರತಿ ಸಾಲಿಗೂ ಒಂದು "ಮತ್ತು". ಗಟ್ಟಿಯಾಗಿ ಓದಿ ನಾಲಿಗೆ ತೊಡರಿದಲ್ಲೆಲ್ಲ ತಿದ್ದಿ. ಸನ್ಮಾನಿತರ ಪರಿಚಯವನ್ನಂತೂ ಅವರ ಮನೆಯವರಿಗೆ ತೋರಿಸದೆ ಪತ್ರಿಕೆಗೆ ಕಳಿಸಲೇಬೇಡಿ. ಗೊತ್ತಿಲ್ಲದ ಜಾಗವನ್ನು ಸೊಗಸಾದ ಸುಳ್ಳಿನಿಂದ ತುಂಬುವುದು ಈ ತಂತ್ರಜ್ಞಾನದ ಹುಟ್ಟುಗುಣ.

ಲೆಕ್ಕದಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಮೂವತ್ತು ಬಿಲ್ಲಿನ ಮೊತ್ತವನ್ನು ಚಾಟ್‌ನಲ್ಲಿ ಟೈಪ್ ಮಾಡಿ ಕೂಡಿಸಲು ಹೇಳಿದರೆ, ಭಾಷೆಯ ಮಾದರಿ ಮುಂದಿನ ಅಂಕಿಯನ್ನು ಊಹಿಸಿ ಉತ್ತರಿಸಬಹುದು. ಅದನ್ನೇ ಎಕ್ಸೆಲ್ ಅಥವಾ ಸಿಎಸ್‌ವಿ ಕಡತವಾಗಿ ಹಾಕಿ "ಪೈಥಾನ್ ಬಳಸಿ ಲೆಕ್ಕ ಮಾಡು" ಎಂದರೆ ಪ್ರೋಗ್ರಾಂ ಬರೆದು ಓಡಿಸಿ ಕೂಡಿಸುತ್ತದೆ. ಎರಡನೆಯದನ್ನೇ ರೂಢಿ ಮಾಡಿಕೊಳ್ಳಿ. ಬಿಲ್ಲುಗಳ ಫೋಟೊದಿಂದ ಪಟ್ಟಿ ಮಾಡಿಸುವುದಾದರೆ ಒಂದು ಫೋಟೊದಲ್ಲಿ ಒಂದೇ ಬಿಲ್ಲು ಇರಲಿ. ದಿನಾಂಕ, ಅಂಗಡಿ, ಸಾಮಾನು, ತೂಕ, ದರ, ಮೊತ್ತ ಎಂದು ಕಾಲಂಗಳ ಹೆಸರು ನೀವೇ ಕೊಡಿ. ತೂಕವನ್ನು ದರದಿಂದ ಗುಣಿಸಿದ್ದಕ್ಕೂ ಬಿಲ್ಲಿನಲ್ಲಿ ಅಚ್ಚಾದ ಮೊತ್ತಕ್ಕೂ ತಾಳೆಯಾಗದ ಸಾಲುಗಳನ್ನು ಪ್ರತ್ಯೇಕ ತೋರಿಸಲು ಹೇಳಿ. ಎಐ ತಪ್ಪಾಗಿ ಓದಿದ್ದೂ ಸಿಕ್ಕಿಬೀಳುತ್ತದೆ, ಅಂಗಡಿಯವರು ತಪ್ಪಾಗಿ ಬರೆದದ್ದೂ.

ಚಾಟ್ ಉದ್ದವಾದಷ್ಟೂ ಮೊದಲು ಹೇಳಿದ ಸೂಚನೆ ಸಡಿಲವಾಗುತ್ತದೆ. ಹೊಸ ಕೆಲಸಕ್ಕೆ ಹೊಸ ಚಾಟ್.

ಕನ್ನಡದ ಕಡತಕ್ಕೆ ಕಾಡುವ ತೊಂದರೆ

ಸಂಘಸಂಸ್ಥೆಗಳ ಹಳೆಯ ನಡಾವಳಿ, ಸ್ಮರಣ ಸಂಚಿಕೆ, ವರದಿಗಳು ಬಹುತೇಕ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಪರದೆಯಲ್ಲಿ ಕನ್ನಡವಾಗಿ ಕಂಡರೂ ಕಡತದೊಳಗೆ ಇರುವುದು ಲ್ಯಾಟಿನ್ ಸಂಕೇತಗಳು. ಮೂರರಲ್ಲಿ ಯಾವುದಕ್ಕೆ ಹಾಕಿದರೂ ಅದಕ್ಕೆ ಕಾಣುವುದು ಕಲಸುಮೇಲೋಗರ. ಅದರ ಮೇಲೂ ಧೈರ್ಯವಾಗಿ ಸಾರಾಂಶ ಬರೆದುಬಿಡುವುದುಂಟು. ಪರೀಕ್ಷೆ ಸುಲಭ: ಕಡತದಿಂದ ಒಂದು ಸಾಲು ನಕಲು ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡ ಬಂದರೆ ಅದು ಯೂನಿಕೋಡ್, ಎಲ್ಲ ಯಂತ್ರಗಳೂ ಓದಬಲ್ಲ ಸಂಕೇತ. ಇಂಗ್ಲಿಷ್ ಅಕ್ಷರಗಳ ರಾಶಿ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಬೇಕು. ಪರಿವರ್ತಕ ಸೋತರೆ ಪುಟವನ್ನು ಚಿತ್ರವಾಗಿಸಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಲ್ಲಿನ ಅಕ್ಷರ ಗುರುತಿಸುವಿಕೆಗೆ ಕನ್ನಡ ಬರುತ್ತದೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ.

ಆಮಂತ್ರಣದ ಚಿತ್ರ ಮಾಡಿಸುವಾಗಲೂ ಇದೇ ಎಚ್ಚರ. ಹಿನ್ನೆಲೆ ಚಿತ್ರವನ್ನು ಎಐಯಿಂದ ಮಾಡಿಸಿ, ಅಕ್ಷರಗಳನ್ನು ನೀವೇ ಟೈಪ್ ಮಾಡಿ ಮೇಲೆ ಕೂರಿಸಿ. ಚಿತ್ರದೊಳಗೆ ಎಐ ಬರೆದ ಕನ್ನಡದಲ್ಲಿ ಒತ್ತು ಕೆಡುವುದು ಸಾಮಾನ್ಯ.

ತುಳುವರಿಗೆ ಒಂದು ಸಂತೋಷದ ಸುದ್ದಿ: 2024ರ ಜೂನ್‌ನಿಂದ ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ತುಳು ಇದೆ. ಊರಿಗೆ ಕಳಿಸುವ ಸಂದೇಶಕ್ಕೆ ಸಾಕು, ಭಾಷಣಕ್ಕೆ ಸಾಲದು.

ಏನು ಹಾಕಬಾರದು, ಎಷ್ಟು ಖರ್ಚು

ಕೆಲಸದ ಹುಡುಗರ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ರೋಗಿಯ ಹೆಸರಿರುವ ವರದಿ, ಕಚೇರಿಯ ಗಿರಾಕಿ ಪಟ್ಟಿ ಇವು ಯಾವ ಎಐಗೂ ಹೋಗಬಾರದು. ಹೆಸರು, ಸಂಖ್ಯೆಗಳನ್ನು ಮುಚ್ಚಿ ಫೋಟೊ ತೆಗೆದರೂ ಬಹುತೇಕ ಕೆಲಸ ನಡೆಯುತ್ತದೆ. ಚಾಟ್‌ಜಿಪಿಟಿಯ ಸೆಟ್ಟಿಂಗ್ಸ್‌ನಲ್ಲಿ ಡೇಟಾ ಕಂಟ್ರೋಲ್ಸ್‌ಗೆ ಹೋಗಿ ಮಾದರಿಯ ಸುಧಾರಣೆಗೆ ನಿಮ್ಮ ಮಾತು ಬಳಸುವ ಆಯ್ಕೆಯನ್ನು ಆಫ್ ಮಾಡಿಬಿಡಿ. ಜೆಮಿನಿಯಲ್ಲಿ ಚಟುವಟಿಕೆ ಉಳಿಸುವುದನ್ನು ನಿಲ್ಲಿಸಿದರೂ 72 ಗಂಟೆಯ ತನಕ ಸಂಭಾಷಣೆ ಅವರಲ್ಲಿ ಇರುತ್ತದೆ. ಮನುಷ್ಯ ಪರಿಶೀಲಕರು ನೋಡಿದ ಚಾಟ್‌ಗಳು ಮೂರು ವರ್ಷದವರೆಗೂ ಉಳಿಯಬಹುದು. ಸೊಸೈಟಿಯ ಜಗಳದ ಪತ್ರಗಳನ್ನು ಹಾಕುವ ಮುನ್ನ ಇದು ಗೊತ್ತಿರಲಿ.

ಉಚಿತ ಖಾತೆಯಲ್ಲೇ ಎರಡು ಮೂರು ತಿಂಗಳು ನಡೆಸಿ, ದಿನದ ಮಿತಿ ಮತ್ತೆ ಮತ್ತೆ ಅಡ್ಡ ಬಂದರೆ ಮಾತ್ರ ಹಣ ಕಟ್ಟಿ. ಕನ್ನಡ ಲಿಪಿ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಪಠ್ಯವನ್ನು ಕತ್ತರಿಸಿ ಎಣಿಸುವ ತುಣುಕು) ತಿನ್ನುವುದರಿಂದ ಉದ್ದ ಕಡತಗಳಲ್ಲಿ ಮಿತಿ ಬೇಗ ಮುಟ್ಟುತ್ತದೆ. ಚಾಟ್‌ಜಿಪಿಟಿ ಗೋ 2025ರ ಆಗಸ್ಟ್‌ನಲ್ಲಿ ತಿಂಗಳಿಗೆ 399 ರೂಪಾಯಿಗೆ ಶುರುವಾಗಿ, ಅದೇ ವರ್ಷದ ನವೆಂಬರ್ 4ರಿಂದ ಸೀಮಿತ ಅವಧಿಯಲ್ಲಿ ಸೇರಿದವರಿಗೆ ಒಂದು ವರ್ಷ ಉಚಿತವಾಯಿತು. ಜಿಯೊದ ಅರ್ಹ 5ಜಿ ಗ್ರಾಹಕರಿಗೆ ಜೆಮಿನಿ ಪ್ರೊ 18 ತಿಂಗಳು ಉಚಿತ ಎಂಬ ಘೋಷಣೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಇಂಥ ಕೊಡುಗೆಯಲ್ಲಿ ಸೇರಿದವರು ಮುಗಿಯುವ ದಿನಕ್ಕಿಂತ ಒಂದು ವಾರ ಮೊದಲಿನ ದಿನಾಂಕವನ್ನು ಇಂದೇ ಕ್ಯಾಲೆಂಡರ್‌ಗೆ ಹಾಕಿಡಿ. ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾ ಪಟ್ಟಿಯಲ್ಲಿ ರದ್ದು ಮಾಡಿ, ಯುಪಿಐ ಆ್ಯಪ್‌ನ ಆಟೊಪೇ ವಿಭಾಗದಲ್ಲಿ ಅನುಮತಿ ಇನ್ನೂ ಜೀವಂತವಿದೆಯೇ ಎಂದೂ ನೋಡಬೇಕು.